ಮಾದರಿ ಕೆರೆ

ನಮ್ಮೂರ ಮಣ್ಣು ಕರಿ, ಬೋರಿನ ನೀರು ಉಪ್ಪು. ಆ ನೀರಿನಲ್ಲಿ ತೊಗರಿಬ್ಯಾಳಿ ಇಟ್ಟರೆ ಮುಂಜಾನೆ ಇಟ್ಟದ್ದು ಮಧ್ಯಾಹ್ನದ ತನಕ ಹರಳಿನ ಹಾಗೆ ಕುಣಿಯುತ್ತದೆ ಹೊರತು ಬೇಯುವುದಿಲ್ಲ. ಅದಕ್ಕೇ ನವಲಗುಂದ ತಾಲೂಕಿನ ನಮ್ಮಂಥ ಊರುಗಳಲ್ಲಿ ಕುಡಿಯುವ ನೀರೆಂದರೆ ಕೆರೆಯ ನೀರು. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳಬೇಕು, ಮುಂದಿನ ಸರದಿ ಬರುವ ತನಕ ಅದನ್ನೇ ಕುಡಿಯಬೇಕು. ಹೊಸ ನೀರು ಬಂದ ದಿನ ಹೆಂಗಸರು ಮಾಡುವ ಪರೀಕ್ಷೆ ಒಂದೇ: ಬ್ಯಾಳಿ ಬೇಯಿಸಿ ನೋಡುವುದು. ಬೆಂದರೆ ನೀರು ಪಾಸು. ಅದರ ಮೇಲೆ ಯಾರೂ ಮಾತಾಡುವ ಹಾಗಿಲ್ಲ.

ಆ ಕೆರೆ ಕಾಯುವವನು ನಾನು. ನಾಲ್ಕನೇತ್ತೆ ಮುಗಿಸಿ ಶಾಲೆ ಬಿಟ್ಟೆ. ಕೆರೆ ಹೂಳು ತೆಗೆಯುವಾಗ ನಾನು ಹೊತ್ತಷ್ಟು ಬುಟ್ಟಿ ಊರಲ್ಲಿ ಇನ್ನೊಬ್ಬ ಹೊತ್ತಿಲ್ಲ. ಪಂಚಾಯತಿಯವರು ಈ ಕೆಲಸಕ್ಕೆ ನನ್ನನ್ನು ಕರೆದದ್ದು ಓದು ನೋಡಿ ಅಲ್ಲ, ಹಟ ನೋಡಿ. ನಾನು ಬಂದ ಮೇಲೆ ಆ ಮೆಟ್ಟಲುಗಳ ಮೇಲೆ ಚಪ್ಪಲಿ ಕಾಲು ಬಿದ್ದಿಲ್ಲ, ಎಮ್ಮೆ ಇಳಿದಿಲ್ಲ, ಒಂದು ಅರಿವೆ ಒಗೆದಿಲ್ಲ. ಒಮ್ಮೆ ಯಾರೋ ದೊಡ್ಡ ಸಾಹೇಬರು ಬೂಟು ಹಾಕಿಕೊಂಡೇ ಇಳಿಯಲು ಹೋದಾಗ ಕೈ ಅಡ್ಡ ಹಿಡಿದೆ. “ಇದು ನಮ್ಮ ಅಡಗಿಮನಿರಿ ಸಾಹೇಬ್ರ” ಅಂದೆ. ಅವರು ಸಿಟ್ಟಾದರು, ಆದರೂ ಬೂಟು ಬಿಚ್ಚಿದರು. ಊರಿನವರು ಇವತ್ತಿಗೂ ಆ ಮಾತು ಆಡುತ್ತಾರೆ. ನಾನೂ ಆಡುತ್ತೇನೆ.

ಹಿಂಗಾರಿ ಜೋಳ ಮೊಣಕಾಲು ಮಟ ಬಂದಿದ್ದ ದಿನಗಳಲ್ಲಿ ಪಂಚಾಯತಿಗೊಂದು ಪತ್ರ ಬಂತು. ಅಧ್ಯಕ್ಷರು ನನ್ನನ್ನು ಕರೆಸಿ, ಕನ್ನಡಕ ಏರಿಸಿಕೊಂಡು ಓದಿದರು. ನಿಮ್ಮ ಕೆರೆಯ ನೀರಿನ ಮಾದರಿ ಪರೀಕ್ಷೆಗಾಗಿ ಧಾರವಾಡದಿಂದ ವಿಜ್ಞಾನಿಗಳು ಬರಲಿದ್ದಾರೆ, ಸಹಕರಿಸಬೇಕು ಅಂತ ಇತ್ತು.

“ಕೇಳಿದೇನಪಾ? ಮಾದರಿ ಕೆರಿ ಪರೀಕ್ಷಾ ಮಾಡಾಕ ಬರಾಕತ್ತಾರ” ಅಂದರು ಅಧ್ಯಕ್ಷರು.

“ಮಾದರಿ ಕೆರಿ ಅಂದ್ರ ಹೆಂಗ್ರಿ?”

“ಮಾದರಿ ಸಾಲಿ ಇಲ್ಲನು? ಮಾದರಿ ಗ್ರಾಮ ಇಲ್ಲನು? ಹಂಗ ಇದೂ. ತಾಲೂಕಿಗೊಂದ ಆರಸ್ತಾರ ಕಾಣತೈತಿ. ನಿನ್ನ ಕೆರಿ ಬಿಟ್ಟ ಇನ್ಯಾವದ ಆರಸ್ತಾರ?”

ನನಗೂ ಹಾಗೇ ಅನಿಸಿತು. ಆದರೆ ಹೊರಗೆ ಬರುವಾಗ ಅವರು ಇನ್ನೊಂದು ಮಾತು ಹೇಳಿದರು. ಇಂಥದೇ ಪತ್ರ ಬಾಜೂ ಊರಿನ ಕೆರೆಗೂ ಹೋಗಿದೆಯಂತೆ. ಆ ಊರಿನವರನ್ನು ನಾನು ಬಲ್ಲೆ. ಬಂದವರಿಗೆ ಹೋಳಿಗೆ ತುಪ್ಪ ಉಣ್ಣಿಸಿ ಕೆಲಸ ಮಾಡಿಸಿಕೊಳ್ಳುವ ಮಂದಿ. ಅವತ್ತಿನಿಂದಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಜೀಪಿನಲ್ಲಿ ಇಬ್ಬರು ಬಂದರು. ಒಬ್ಬಾಕೆ ಮೂವತ್ತರ ಒಳಗಿನ ಹೆಣ್ಣುಮಗಳು, ಪ್ಯಾಂಟು ಹಾಕಿಕೊಂಡಾಕೆ, ಆಕೆಯೇ ವಿಜ್ಞಾನಿ. ಇನ್ನೊಬ್ಬ ಡ್ರೈವರ್, ಧಾರವಾಡದ ಕಡೆಯವನೇ. ಮೇಡಂ ಮಾತು ನಮ್ಮ ಕಡೆಯದಲ್ಲ, ಮೈಸೂರ ಕಡೆಯದು. ನನ್ನನ್ನು ಅಣ್ಣಾ ಅಂದಳು. ಮೆಟ್ಟಲ ಹತ್ತಿರ ಬಂದವಳೇ ನಾನು ಬಾಯಿ ತೆಗೆಯುವ ಮೊದಲೇ ಬೂಟು ಬಿಚ್ಚಿ ಬದಿಗಿಟ್ಟಳು. ಬೇರೆಯವರಿಗೆ ಅದು ಸಂಸ್ಕಾರ ಅನಿಸಬಹುದು. ನನಗೆ ಅನಿಸಿದ್ದು ಬೇರೆ. ಇದನ್ನು ಈಕೆಗೆ ಮೊದಲೇ ಯಾರೋ ಹೇಳಿಕೊಟ್ಟಿದ್ದಾರೆ. ಯಾರು? ಮೊದಲು ಎಲ್ಲಿಗೆ ಹೋಗಿದ್ದಳು?

ಕಳೆ ತೆಗೆಯಲೆಂದು ನಾನೇ ನಾಲ್ಕು ಪ್ಲಾಸ್ಟಿಕ್ ಬ್ಯಾರಲ್ಲು ಕಟ್ಟಿ, ಮೇಲೆ ಹಲಗೆ ಜೋಡಿಸಿ ಒಂದು ತೆಪ್ಪ ಮಾಡಿಟ್ಟಿದ್ದೆ. ಅದರ ಮೇಲೆ ಆಕೆಯನ್ನು ಕೂಡಿಸಿ, ಬಿದಿರು ಗಳ ಊರುತ್ತ ಕೆರೆಯೊಳಗೆ ಕರೆದುಕೊಂಡು ಹೋದೆ. ಚೀಲದಿಂದ ಒಂದೊಂದೇ ಸಾಮಾನು ತೆಗೆದಳು. ಊಟದ ತಾಟಿನಷ್ಟು ಅಗಲದ ಒಂದು ಬಿಲ್ಲೆ, ಕಾಲು ಭಾಗ ಬಿಳಿ, ಕಾಲು ಭಾಗ ಕರಿ, ಮತ್ತೆ ಬಿಳಿ, ಮತ್ತೆ ಕರಿ. ಅದನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟು, ಕಣ್ಣಿಗೆ ಕಾಣದಂತಾದ ಕೂಡಲೇ ಹಗ್ಗ ಹಿಡಿದು ಎಷ್ಟು ಆಳ ಅಂತ ಬರೆದುಕೊಂಡಳು. ದಂಡೆ ಮೇಲೆ ನೋಡುತ್ತ ನಿಂತ ಹೆಂಗಸರು ತಮ್ಮ ತಮ್ಮಲ್ಲೇ ಮಾಟ ಮದ್ದು ಅಂತ ಗುಸುಗುಸು ಮಾಡುತ್ತಿದ್ದರು. ಆಮೇಲೆ ವಾಯರು ಕಟ್ಟಿದ ಒಂದು ಮಷೀನು ಇಳಿಬಿಟ್ಟಳು.

“ಇದೇನ್ರಿ ಮೇಡಂ?”

“ನೀರಲ್ಲಿ ಉಸಿರು ಎಷ್ಟಿದೆ ಅಂತ ನೋಡ್ತೀವಿ ಅಣ್ಣಾ.”

“ನೀರಿಗೂ ಉಸರೈತೇನ್ರಿ?”

“ನೀರೊಳಗೆ ಇರೋ ಮೀನಿಗೆ, ಹುಳಕ್ಕೆ ಬೇಕಲ್ಲ. ಮೇಲೆ ಜಾಸ್ತಿ ಇರುತ್ತೆ, ತಳದಲ್ಲಿ ಕಮ್ಮಿ. ತಳದಲ್ಲಿ ತೀರಾ ಕಮ್ಮಿ ಆದ್ರೆ ಕೆರೆಗೆ ಹುಷಾರಿಲ್ಲ ಅಂತ ಅರ್ಥ.”

“ನಮ್ಮ ಕೆರಿ ಅಗದಿ ಹುಷಾರ ಐತ್ರಿ. ನಿಮ್ಮ ಮಷೀನ ಹುಷಾರ ಐತಿಲ್ಲೋ ನೋಡ್ಕೊರ್ರಿ” ಅಂದೆ. ದಂಡೆಯಲ್ಲಿದ್ದ ಡ್ರೈವರ್ ನಕ್ಕ. ಮೇಡಂ ಕೂಡ ನಕ್ಕಳು, ಆದರೆ ಬರೆಯುವುದು ಬಿಡಲಿಲ್ಲ.

ನನಗೆ ಸಂಶಯ ಹೆಚ್ಚಾದದ್ದು ಆಕೆ ಆರಿಸಿದ ಜಾಗ ನೋಡಿ. ಮಾದರಿ ಕೆರೆ ಅಂತ ಆರಿಸಲು ಬಂದವರು ಮೆಟ್ಟಲು ನೋಡಬೇಕು, ಸುಣ್ಣ ಬಳಿದ ಕಟ್ಟೆ ನೋಡಬೇಕು, ನಾನು ಹಚ್ಚಿದ ಬೇವಿನ ಗಿಡ ನೋಡಬೇಕು. ಈಕೆ ಅದ್ಯಾವುದನ್ನೂ ಕಣ್ಣೆತ್ತಿ ನೋಡದೆ, ಗಾಳಿಗೆ ಕಸಕಡ್ಡಿ ಬಂದು ಕೂಡುವ ಮೂಲೆಗೇ ನಡೆಸು ಅಂದಳು. ಅಲ್ಲೇ ಒಂದು ಬಾಟ್ಲಿ ತುಂಬಿದಳು. ಕಾಲುವೆಯಿಂದ ನೀರು ಬಂದು ಬೀಳುವ ತೂಬಿನ ಹತ್ತಿರ ಇನ್ನೊಂದು. ಹುಳುಕು ಹುಡುಕಲಿಕ್ಕೇ ಬಂದವರು ಹೀಗೆ ಮಾಡುತ್ತಾರೆ. ಗಳ ಊರುತ್ತ ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ.

ತೂಬಿನ ಹತ್ತಿರ ಆಕೆ ಕೇಳಿದಳು, “ಕಾಲುವೆ ನೀರು ಬಿಟ್ಟಾಗ ಮೊದಲು ಬರೋ ನೀರನ್ನ ಎಲ್ಲಿಗೆ ಬಿಡ್ತೀರಾ ಅಣ್ಣಾ?”

ಗಳ ಕೈಯಲ್ಲೇ ನಿಂತಿತು. ಈ ಪ್ರಶ್ನೆ ಮೈಸೂರ ಕಡೆಯ ಹುಡುಗಿಗೆ ಹೇಗೆ ಹೊಳೆಯಿತು?

ಕಾಲುವೆಯಿಂದ ಕೆರೆಗೆ ಬರುವ ಹಳ್ಳದಂಥ ತೋಡು ಒಂದಿದೆ. ಸರದಿ ಇಲ್ಲದ ತಿಂಗಳುಗಳಲ್ಲಿ ಅದು ಒಣಗಿ ಬಿದ್ದಿರುತ್ತದೆ. ಒಣಗಿದ ತೋಡಿನೊಳಗೆ ನಸುಕಿನಲ್ಲಿ ಯಾರು ಯಾರು ಚರಿಗೆ ಹಿಡಿದು ಬಯಲಕಡೆಗೆ ಹೋಗುತ್ತಾರೆ ಅಂತ ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಂಡೆ ಮೇಲೆ ತಿಪ್ಪೆಗಳಿವೆ, ಕುರಿ ಹಟ್ಟಿ ಇದೆ. ಹಿಂದಿನ ಹಿರಿಯರು ಮೊದಲ ಅರ್ಧ ದಿನದ ನೀರನ್ನು ಬದಿಯ ಬಾಗಿಲಿನಿಂದ ಹೊಲಗಳಿಗೆ ಹರಿಯಬಿಟ್ಟು, ತೋಡು ತೊಳೆದ ಮೇಲೆ ಕೆರೆಗೆ ತಿರುಗಿಸುತ್ತಿದ್ದರು. ಈಗೀಗ ಸರದಿ ಬಹಳ ಸಣ್ಣದಾಗಿದೆ. ಅರ್ಧ ದಿನ ಹೊರಗೆ ಬಿಟ್ಟರೆ ಕೆರೆ ಪೂರ್ತಿ ತುಂಬುವುದಿಲ್ಲ. ಬಾಜೂ ಊರಿನ ಕೆರೆ ಅರ್ಧ ತುಂಬಿದಾಗ ನನ್ನದು ಮೇಲಿನ ಮೆಟ್ಟಲ ಮುಟ್ಟಬೇಕು, ಅದು ನನ್ನ ಹಟ. ನಾನು ಮೊದಲ ಹನಿಯಿಂದಲೇ ಒಳಗೆ ತಿರುಗಿಸುತ್ತಿದ್ದೆ.

“ಹೊರಗ ಬಿಡತೀನ್ರಿ” ಅಂದೆ.

ಆಕೆ ಅದನ್ನೂ ಬರೆದುಕೊಂಡಳು.

ಆಕೆ ಹೋದ ಮೇಲೆ, ಇದನ್ನು ಆಕೆಗೆ ಯಾರು ಹೇಳಿರಬಹುದು ಅಂತ ಮೂರು ದಿನ ಯೋಚನೆ ಮಾಡಿದೆ. ನಮ್ಮೂರವರೇ ಇರಬೇಕು. ಚಹಾದಂಗಡಿಯಲ್ಲಿ ಒಬ್ಬೊಬ್ಬನ ಮುಖ ನೋಡಿದೆ. ಯಾರ ಮುಖದಲ್ಲೂ ಏನೂ ಬರೆದಿರಲಿಲ್ಲ.

ನನ್ನ ಮನೆಯ ಬಾಜೂಕ್ಕೇ ನನ್ನ ಅತ್ತಿಗಿ ಮನೆ. ಅಣ್ಣ ತೀರಿಕೊಂಡ ಮೇಲೆ ಒಬ್ಬಳೇ ಅಡುಗೆ ಮಾಡಿಕೊಂಡಿರುತ್ತಾಳೆ. ಅರವತ್ತು ದಾಟಿದಾಕೆ, ಬಾಯಿ ಮಾತ್ರ ಇಪ್ಪತ್ತರದು. ನನಗೆ ತಾಯಿ ಸಮ. ದಿನಾ ಎರಡು ಕೊಡ ನೀರು ಕೆರೆಯಿಂದ ತಾನೇ ಹೊರಬೇಕು, ನಳದ ನೀರು ಮುಟ್ಟುವುದಿಲ್ಲ, ಊರಲ್ಲಿ ಕೂಡಿಸಿದ ಶುದ್ಧ ನೀರಿನ ಮಷೀನಿನ ಕಡೆ ತಿರುಗಿ ನೋಡುವುದಿಲ್ಲ. ಆಗ ಆಕೆಗೆ ಹೊಟ್ಟೆ ಕೆಟ್ಟು ಕೆಲವು ವಾರಗಳಾಗಿದ್ದವು. ನಾಲ್ಕು ದಿನ ಚಲೋ ಇದ್ದರೆ ಮತ್ತೆ ಎರಡು ದಿನ ಜುಲಾಬು. ಗಲ್ಲದ ಎಲುಬು ಎದ್ದು ಕಾಣುತ್ತಿದ್ದವು. ನವಲಗುಂದದ ದವಾಖಾನೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಯಾವ ನೀರು ಕುಡಿಯುತ್ತೀರಿ ಅಂತ ಕೇಳಿದ್ದಕ್ಕೆ ಆಕೆ ಎದ್ದು ನಿಂತಳು.

“ಯಪ್ಪಾ, ಗುಳಿಗಿ ಕೊಡೂದಿದ್ರ ಕೊಡು. ನಮ್ಮ ಕೆರಿ ಸುದ್ದಿ ಮಾತಾಡಬ್ಯಾಡ. ಅದನ್ನ ಕಾಯಾಂವ ಇಲ್ಲೇ ಕುಂತಾನ ನೋಡು, ನನ್ನ ಮೈದನ.”

ನಾನು ಎದೆ ಸೆಟೆಸಿ ಕೂತಿದ್ದೆ. ಅದು ನೆನಪಿದೆ.

ಮೂರು ವಾರ ಕಳೆದ ಮೇಲೆ ಅಧ್ಯಕ್ಷರು ಮತ್ತೆ ಕರೆಸಿದರು. ಈ ಸಲ ನಗೆ ಇರಲಿಲ್ಲ. “ಅಕಿ ಫೋನ ಮಾಡಿದ್ಲಪಾ. ಮಾದರಿ ಸರಿ ಬಂದಿಲ್ಲಂತ. ತಿಂಗಳ ಬಿಟ್ಟ, ಎಳ್ಳಮಾಸಿ ಹಬ್ಬದ ಮುಂದ ಇನ್ನೊಮ್ಮಿ ಬರ್ತಾಳಂತ. ಅಲ್ಲೀತನಕಾ ನೀರ ಕುದಿಸಿ ಕುಡೀರಿ ಅಂತ ಮಂದಿಗೆ ಹೇಳ್ರಿ ಅಂದ್ಲು. ಆವಾಗೂ ಹಿಂಗ ಇತ್ತಂದ್ರ ಬೋರ್ಡ ಹಾಕಬೇಕಂತ.”

“ಎಂಥಾ ಬೋರ್ಡ್ರಿ?”

“ಕುದಿಸಲಾರದ ಕುಡೀಬಾರದು ಅಂತ.”

“ನನ್ನ ಕೆರಿಗೆ?”

“ಮತ್ಯಾರ ಕೆರಿಗೆ?”

ನನಗೆ ಎಲ್ಲ ಕೂಡಿ ಬಂದಂತಾಯಿತು. ಮಾದರಿ ಕೆರೆ ಅನ್ನುವ ಹೆಸರು ಬಾಜೂ ಊರಿಗೆ ಹೋಗಬೇಕು, ನನ್ನದಕ್ಕೆ ಬೋರ್ಡು ಬೀಳಬೇಕು. ಹೋಳಿಗೆ ಕೆಲಸ ಮಾಡಿದೆ. “ಮಂದಿಗೆ ಏನೂ ಹೇಳಬ್ಯಾಡ್ರಿ. ಬ್ಯಾಳಿ ಬೇಯತಾವ, ನೀರ ಚಲೋ ಐತಿ. ಅಕಿ ಇನ್ನೊಮ್ಮಿ ಬರ್ಲಿ, ನೋಡೂಣು” ಅಂದೆ. ಅಧ್ಯಕ್ಷರಿಗೂ ಊರಿನ ಮರ್ಯಾದೆ ಬೇಕಿತ್ತು. ಸುಮ್ಮನಾದರು.

ನಾನು ಶಾಲೆಯಲ್ಲಿದ್ದ ನಾಲ್ಕು ವರ್ಷದಲ್ಲಿ ಕಲಿತದ್ದು ಕಡಿಮೆ, ನೋಡಿದ್ದು ಬಹಳ. ಸಾಹೇಬರು ತಪಾಸಣೆಗೆ ಬರುವ ದಿನ ನಮ್ಮ ಗುರುಗಳು ಶ್ಯಾಣ್ಯಾ ಹುಡುಗರನ್ನು ಮುಂದಿನ ಸಾಲಿಗೆ ತಂದು, ನಮ್ಮಂಥವರನ್ನು ಕಂಬದ ಹಿಂದೆ ಕೂಡಿಸುತ್ತಿದ್ದರು. ಸಾಹೇಬರು ಮುಂದಿನವರನ್ನೇ ಕೇಳಿ, ಚಲೋ ಅಂತ ಬರೆದು ಹೋಗುತ್ತಿದ್ದರು. ನಾನೂ ಅದನ್ನೇ ಮಾಡಿದೆ. ಮೇಡಂ ಬರುವ ದಿನ ಹೊತ್ತು ಮೂಡುವ ಮುಂಚೆ, ಪಂಚಾಯತಿಯಲ್ಲಿದ್ದ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಆಕೆ ಹೋದ ಸಲ ಬಾಟ್ಲಿ ತುಂಬಿದ್ದ ಮೂಲೆಯಲ್ಲಿ ಒಂದಿಷ್ಟು, ತೂಬಿನ ಹತ್ತಿರ ಒಂದಿಷ್ಟು ಸುರುವಿ ಬಂದೆ. ತಪ್ಪು ಮಾಡುತ್ತಿದ್ದೇನೆ ಅನಿಸಲಿಲ್ಲ. ಮೋಸಕ್ಕೆ ಮೋಸ ಅನಿಸಿತು.

ಆಕೆ ಬಂದಳು. ಅದೇ ಮೂಲೆಗೆ ಹೋದೆವು. ಬಾಟ್ಲಿ ತುಂಬಿ ಎತ್ತಿದವಳು ಮುಚ್ಚಳ ಹಾಕದೆ ಮೂಗಿನ ಹತ್ತಿರ ಹಿಡಿದಳು. ನನ್ನ ಕಡೆ ನೋಡಿದಳು. ಆಮೇಲೆ ನನ್ನ ಧೋತರದ ಅಂಚು ನೋಡಿದಳು. ಅಲ್ಲಿ ಬಿಳಿ ಪುಡಿ ಒಣಗಿ ಹತ್ತಿತ್ತು.

“ಅಣ್ಣಾ, ನೀರಿಗೆ ಏನಾದ್ರೂ ಹಾಕಿದ್ದೀರಾ?”

“ಇಲ್ರಿ.”

“ಸರಿ. ಈ ಮಾದರಿ ಕೆಟ್ಟಿತು. ಕೆರೆ ನಡುವಿಗೆ ಹೋಗೋಣ” ಅಂತ ಬಾಟ್ಲಿ ಖಾಲಿ ಮಾಡಿದಳು.

ನನ್ನ ಸಿಟ್ಟು ನೆತ್ತಿಗೇರಿತು. ಗಳ ಹಲಗೆಯ ಮೇಲೆ ಹಾಕಿದೆ. “ಮಾದರಿ ಕೆಟ್ಟಿಲ್ರಿ ಮೇಡಂ! ಹೊಟ್ಟ್ಯಾಗ ಹೋಳಿಗಿ ಹಾಕ್ಕೊಂಡ ಬಂದ ಇಲ್ಲಿ ಕೆಟ್ಟೈತಿ ಅನಬ್ಯಾಡ್ರಿ. ಮಾದರಿ ಅಂತ ಬಾಜೂ ಊರಿಗೆ ಕೊಡೂದಿದ್ರ ಕೊಡ್ರಿ, ನಮ್ಮದಕ್ಕ ಯಾಕ ಬೋರ್ಡ ಹಾಕಸ್ತೀರಿ?”

ಆಕೆಗೆ ಒಂದೂ ತಿಳಿಯಲಿಲ್ಲ. “ಯಾವ ಹೋಳಿಗೆ ಅಣ್ಣಾ? ಯಾರಿಗೆ ಏನು ಕೊಡೋದು?”

ತೆಪ್ಪ ದಂಡೆಯಿಂದ ಬಹಳ ದೂರ ಇರಲಿಲ್ಲ. ಡ್ರೈವರ್ ಎಲ್ಲ ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. “ಕಾಕಾ, ಏ ಕಾಕಾ! ಮಾದರಿ ಅಂದ್ರ ಬಕ್ಷೀಸ ಅಲ್ಲೋ ಮಾರಾಯಾ. ಮಾದರಿ ಅಂದ್ರ ಸ್ಯಾಂಪಲ್! ಹತ್ತಿ ಸ್ಯಾಂಪಲ್ ತಗೀತಾರಲ್ಲ, ಹಂಗ ನೀರಿಂದು.”

ಸ್ಯಾಂಪಲ್. ಆ ಮಾತು ನನಗೆ ಶಾಲೆ ಕಲಿಸಬೇಕಾಗಿರಲಿಲ್ಲ. ಅಣ್ಣಿಗೇರಿ ಪೇಟೆಗೆ ಹತ್ತಿ ಹೇರಿಕೊಂಡು ಹೋಗಿ ಎಷ್ಟು ಸಲ ನಿಂತಿಲ್ಲ? ನಾವು ಬೆಳ್ಳಗಿನ ಹತ್ತಿಯನ್ನು ಮೇಲೆ ಹರವಿ, ಮಳೆಗೆ ಸಿಕ್ಕ ಕೆಂಪು ಹತ್ತಿಯನ್ನು ನಡುವೆ ತುಂಬುತ್ತೇವೆ. ಬಲ್ಲ ದಲಾಲಿ ಮೇಲಿನದನ್ನು ಮುಟ್ಟುವುದೇ ಇಲ್ಲ. ಅಂಗಿ ತೋಳು ಮಡಚಿ ಬಗಲ ತನಕ ಕೈ ತುರುಕಿ ಒಳಗಿನದನ್ನು ಕಿತ್ತು ತೆಗೆಯುತ್ತಾನೆ. ಈ ಹುಡುಗಿ ಆ ಜಾತಿಯ ದಲಾಲಿ. ಮೇಲಿನ ಬಿಳಿ ಹತ್ತಿಯ ವಾಸನೆ ನೋಡಿಯೇ ಬಿಸಾಕಿದಳು.

ಗಳ ಮತ್ತೆ ಕೈಗೆ ತಗೊಂಡೆ. ಆದರೂ ಸೋಲಲು ಮನಸ್ಸು ಬರಲಿಲ್ಲ. ನಡುವಿಗೆ ಹೋದಾಗ ಆಕೆ ದೊಡ್ಡ ಬಾಟ್ಲಿ ತುಂಬಿ, ಆಮೇಲೆ ಹೆಬ್ಬೆರಳಿನಷ್ಟು ಸಣ್ಣ ಬಾಟ್ಲಿಯೊಂದನ್ನು ತುಂಬಿದಳು. ಅದರೊಳಗೆ ಮೊದಲೇ ಒಂದು ಕಾಗದದ ತುಂಡಿತ್ತು. ಎರಡು ದಿನ ಬೆಚ್ಚಗೆ ಇಟ್ಟರೆ, ಹೇಲಿನ ಕ್ರಿಮಿ ಇದ್ದ ನೀರು ಕಪ್ಪಾಗುತ್ತದೆ, ಇಲ್ಲದಿದ್ದರೆ ಆಗುವುದಿಲ್ಲ ಅಂದಳು. ಹೋದ ಸಲ ನಮ್ಮ ಕೆರೆಯದು ಕಪ್ಪಾಗಿತ್ತಂತೆ.

“ಆ ಕಾಗದಕ್ಕ ಏನ ಹಚ್ಚೀರೋ ಯಾರಿಗ್ಗೊತ್ತು? ಯಾವ ನೀರ ಹಾಕಿದ್ರೂ ಕಪ್ಪಾಗತೈತೇನೋ” ಅಂದೆ.

ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಚೀಲದಿಂದ ಅಂಥವೇ ನಾಲ್ಕು ಬಾಟ್ಲಿ ತೆಗೆದು ನನ್ನ ಕೈಗೆ ಕೊಟ್ಟಳು. “ನನ್ನ ಮಾತು ನಂಬಬೇಡಿ ಅಣ್ಣಾ. ನಿಮಗೆ ಯಾವ ಯಾವ ನೀರು ಬೇಕೋ ತುಂಬಿ ನೋಡಿ. ಕೈ ತೊಳೆದುಕೊಂಡು ತುಂಬಿ, ಮುಚ್ಚಳದ ಒಳಗೆ ಬೆರಳು ಹಾಕಬೇಡಿ. ಅಷ್ಟೇ.”

ಇಷ್ಟು ಸಲೀಸಾಗಿ ಕೊಟ್ಟದ್ದಕ್ಕೂ ಸಂಶಯ ಬಂತು. ಒಳಗೆ ಏನೋ ಹಂಚಿಕೆ ಇರಬೇಕು. ಇದ್ದರೆ ಹಿಡಿಯಬೇಕು ಅಂತಲೇ ಮಾಡಲು ಕೂತೆ.

ಕಾಗದದಲ್ಲಿ ಮೋಸವಿದ್ದರೆ ನಾಲ್ಕೂ ಕಪ್ಪಾಗಬೇಕು. ಒಂದಕ್ಕೆ ಕೆರೆ ನಡುವಿನ ನೀರು ಹಾಕಿದೆ. ಇನ್ನೊಂದಕ್ಕೆ ಅದೇ ನೀರು ಕುದಿಸಿ ಆರಿಸಿ ಹಾಕಿದೆ. ಮೂರನೆಯದಕ್ಕೆ ಅದೇ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿ ಹಾಕಿದೆ. ನಾಲ್ಕನೆಯದನ್ನು ಅತ್ತಿಗಿ ಮನೆಯ ಗಡಿಗೆಯಿಂದ ತುಂಬಿಕೊಂಡು ಬಂದೆ. ಆಕೆ ಹೊರಸಿನ ಮೇಲೆ ಮಲಗಿದ್ದಳು. “ಏನಲೇ, ಔಷಧ ಬಾಟ್ಲ್ಯಾಗ ನೀರ ಒಯ್ಯಾಕತ್ತಿ? ಗಿಣಿಗೆ ಕುಡಸ್ತೀ ಏನ?” ಅಂದಳು. ಏಳಲಿಲ್ಲ. ಅದು ಆಕೆಯ ಪದ್ಧತಿಯಲ್ಲ.

ಬಾಟ್ಲಿಗಳಿಗೆ ದಾರ ಕಟ್ಟಿ ಒಂದು, ಎರಡು, ಮೂರು, ನಾಲ್ಕು ಗಂಟು ಹಾಕಿದೆ. ಆಮೇಲೆ ಹೆಂಡತಿಯನ್ನು ಕರೆದು, ಇವನ್ನು ಜೋಳದ ಚೀಲದ ನಡುವೆ ಬೆಚ್ಚಗೆ ಇಟ್ಟು, ಆ ಕೋಣೆಗೆ ಕೀಲಿ ಹಾಕಿ, ಕೀಲಿ ನೀನೇ ಇಟ್ಟುಕೋ, ಎರಡು ದಿನ ನಾನು ಕೇಳಿದರೂ ಕೊಡಬೇಡ ಅಂದೆ. ಒಮ್ಮೆ ಮೋಸ ಮಾಡಿದ ಕೈ, ಇನ್ನೊಮ್ಮೆ ಮಾಡುವುದಿಲ್ಲ ಅಂತ ಏನು ಖಾತ್ರಿ?

“ಈ ವಯಸ್ಸಿನ್ಯಾಗ ಸಾಲಿ ಹಚ್ಚೀರಿ ನೋಡ್ರಿ” ಅಂದಳು ಹೆಂಡತಿ. ಮರುದಿನ ಸಂಜೆಯೇ ನಾನು ಕೀಲಿ ಕೇಳಿದೆ. “ಕಳ್ಳಗ ಕೀಲಿ ಕೊಡಬ್ಯಾಡ ಅಂತ ಕಳ್ಳನ ಹೇಳ್ಯಾನ” ಅಂತ ಸೆರಗಿಗೆ ಇನ್ನೊಂದು ಗಂಟು ಹಾಕಿಕೊಂಡಳು.

ಎರಡು ದಿನ ಆದ ಮೇಲೆ ಮುಂಜಾನೆ ಆಕೆಯೇ ಬಾಗಿಲು ತೆಗೆದು, ಬಾಟ್ಲಿ ತಂದು ಪಡಸಾಲೆಯ ಬಿಸಿಲಿಗೆ ಇಟ್ಟಳು. ಎರಡು ಗಂಟಿನದು ತೆಳ್ಳನೆ ಚಹಾದ ಬಣ್ಣ. ಮೂರು ಗಂಟಿನದೂ ಹಾಗೇ. ಒಂದು ಗಂಟಿನದು ಕಾಡಿಗೆ. ನಾಲ್ಕು ಗಂಟಿನದು ಅದಕ್ಕಿಂತ ಕಪ್ಪು, ಆಚೆ ಹಿಡಿದ ಬೆರಳು ಕಾಣಲಿಲ್ಲ.

ನಾಲ್ಕರಲ್ಲೂ ಒಂದೇ ಕಾಗದ. ನಾಲ್ಕೂ ಒಂದೇ ಕೆರೆಯ ನೀರು. ಯಾರ ಮೇಲೆ ತಪ್ಪು ಹಾಕಲಿ? ಒಳಗೆ ಒಲೆಯ ಮೇಲೆ ಅದೇ ನೀರಿನಲ್ಲಿ ಬ್ಯಾಳಿ ಬೆಂದು ಬೆಣ್ಣೆಯಾಗಿತ್ತು. ಬ್ಯಾಳಿ ಸುಳ್ಳು ಹೇಳಿರಲಿಲ್ಲ. ಅದನ್ನು ಕೇಳಿದ್ದು ಉಪ್ಪಿನ ಸುದ್ದಿ, ಅದು ಹೇಳಿದ್ದೂ ಅಷ್ಟೇ. ನಾವು ಅದಕ್ಕಿಂತ ಹೆಚ್ಚು ಕೇಳಿದ್ದೇವೆ ಅಂದುಕೊಂಡು ಕುಡಿಯುತ್ತಿದ್ದೆವು.

ಹೆಂಡತಿ ನಾಲ್ಕು ಗಂಟಿನ ಬಾಟ್ಲಿ ಕೈಯಲ್ಲಿ ಹಿಡಿದು, “ಇದು ಯಾವದ್ರೀ?” ಅಂತ ಕೇಳಿದಳು. ಹೇಳಿದೆ. ಆಕೆ ಅದನ್ನು ಇಟ್ಟು, ಬಾಜೂ ಮನೆಗೆ ಹೋಗಿ, ಅತ್ತಿಗಿಯ ಗಡಿಗೆ ಎತ್ತಿ ಅಂಗಳದಲ್ಲಿ ಚೆಲ್ಲಿ, ನಮ್ಮ ಒಲೆಯ ಮೇಲೆ ಕುದಿಸಿದ ನೀರು ತುಂಬಿಟ್ಟು ಬಂದಳು. ಅತ್ತಿಗಿ ಬೈಯುವುದು ಗ್ವಾಡಿಯಾಚೆಯಿಂದ ನನಗೆ ಕೇಳುತ್ತಿತ್ತು. ನಾನು ಎದ್ದು ಹೋಗಿ ಯಾಕೆ ಅಂತ ಹೇಳಲಿಲ್ಲ.

ಅವತ್ತೇ ಮೇಡಂಗೆ ಫೋನು ಮಾಡಿದೆ. ಬ್ಲೀಚಿಂಗ್ ಹಾಕಿದ್ದು ಹೇಳಿದೆ. “ಗೊತ್ತಿತ್ತು ಅಣ್ಣಾ” ಅಂದಳು. ಮೊದಲ ನೀರು ಹೊರಗೆ ಬಿಡುವುದಿಲ್ಲ ಅನ್ನುವುದನ್ನೂ ಹೇಳಿದೆ. ಅದು ಆಕೆಗೆ ಗೊತ್ತಿರಲಿಲ್ಲ.

“ಯಾರೂ ಹೇಳಿರಲಿಲ್ಲೇನ್ರಿ ನಿಮಗ?”

“ಇಲ್ಲ. ಎಲ್ಲ ಕೆರೆಯಲ್ಲೂ ಕೇಳ್ತೀವಿ. ಆಣೆಕಟ್ಟಿನ ಹತ್ತಿರ, ಕಾಲುವೆಯಲ್ಲಿ, ಕೆರೆಯಲ್ಲಿ ಮೂರು ಕಡೆ ನೋಡ್ತೀವಿ ಅಣ್ಣಾ, ಎಲ್ಲಿ ಕೆಡ್ತಾ ಇದೆ ಅಂತ ತಿಳಿಯೋಕೆ. ಕಾಲುವೆಯಲ್ಲಿ ಇರೋದಕ್ಕಿಂತ ನಿಮ್ಮ ಕೆರೆಯಲ್ಲಿ ಎಷ್ಟೋ ಪಟ್ಟು ಹೆಚ್ಚಿದೆ. ಮೊದಲ ನೀರು ಹೊರಗೆ ಹೋಗುತ್ತೆ ಅಂತ ನೀವು ಹೇಳಿದ್ರಿ, ಅದಕ್ಕೇ ತೋಡನ್ನ ಬಿಟ್ಟು ಒಂದು ತಿಂಗಳು ಬೇರೆ ಕಡೆ ಹುಡುಕಿದೆವು.”

ಚಹಾದಂಗಡಿಯಲ್ಲಿ ಸುಮ್ಮಸುಮ್ಮನೆ ನೋಡಿದ ಮುಖಗಳೆಲ್ಲ ನೆನಪಾದವು. ಒಂದು ಸುಳ್ಳು ಮಾತಿಗೆ ಒಂದು ತಿಂಗಳು. ಊರೆಲ್ಲ ಕುಡಿದ ತಿಂಗಳು.

ಪಂಚಾಯತಿಯಲ್ಲಿ ಐದಾರು ಮಂದಿಯ ಮುಂದೆ ಬಾಟ್ಲಿಗಳನ್ನು ಸಾಲಾಗಿ ಇಟ್ಟು ಹೇಳಿದೆ. ಅಧ್ಯಕ್ಷರು ತಲೆ ಹಿಡಿದುಕೊಂಡರು. “ನಿನ್ನ ಬಾಯಿಗೆ ಏನಾಗಿತ್ತಪಾ? ಅಕಿ ಹೇಳಿದ್ರ ಅಕಿ ಸುಳ್ಳ ಅನ್ನಬಹುದಿತ್ತು. ಕಾಯಾಂವನ ಕೆಟ್ಟೈತಿ ಅಂದ ಮ್ಯಾಲ ಏನ ಅನ್ನೂದು?”

“ಅದಕ್ಕ ಹೇಳೇನ್ರಿ” ಅಂದೆ.

ಬೋರ್ಡು ನಾನೇ ಹೊಡೆದೆ. ಬೇರೆಯವನ ಕೈಯಿಂದ ಹೊಡೆಸಿ ನೋಡುತ್ತ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಮೊಳೆ ಬಡಿದು ಇಳಿಯುವಷ್ಟರಲ್ಲಿ ಅತ್ತಿಗಿ ಕೊಡ ಹೊತ್ತು ಬಂದಳು. ಹೆಂಡತಿ ಬ್ಯಾಡ ಅಂದರೂ ಕೇಳದೆ ಬಂದಿದ್ದಳು. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಆಕೆಗೆ ಓದು ಬರುವುದಿಲ್ಲ.

“ಏನಲೇ ಬರದೀರಿ ಅದರಾಗ? ನಿನ್ನ ಹೆಸರನು?”

“ಕುದಿಸಲಾರದ ಕುಡೀಬಾರದು ಅಂತ ಬರದೈತಿಬೇ.”

“ಯಾವ ನೀರ?”

“ಇದ.”

“ಯಾರಂದಾರ? ಆ ಪ್ಯಾಂಟಿನ ಹುಡಗಿ?”

“ನಾ ಅಂದೇನಿ.”

ಕೊಡ ಕೆಳಗಿಟ್ಟಳು. ಮೆಟ್ಟಲ ಮೇಲೆ ಕೂತಳು. “ನಿನಗ ಎಂದ ಗೊತ್ತಾತು?”

“ತಿಂಗಳ ಹಿಂದ ಅಕಿ ಹೇಳಿದ್ಲು. ನಾ ನಂಬಲಿಲ್ಲ.”

“ತಿಂಗಳು.” ಆಕೆ ನೀರು ನೋಡುತ್ತ ಹೇಳಿದಳು. “ಈ ತಿಂಗಳದಾಗ ನಾ ಎಷ್ಟ ಸಲ ಚರಿಗಿ ತಗೊಂಡ ಓಡೇನಿ, ಗೊತ್ತೈತೇನ ನಿನಗ? ಒಂದಿನಾ ಕಂಬಾ ಹಿಡ್ಕೊಂಡ ನಿಂತೆ, ನಿಮ್ಮಣ್ಣ ಕರ್ಯಾಕ ಬಂದಾನ ಅನ್ಕೊಂಡ್ನಿ.”

ನಾನು ತಲೆ ತಗ್ಗಿಸಿದೆ. ಆಕೆ ಬೈಯಲಿ ಅಂತ ಕಾದೆ. ಬೈಯಲಿಲ್ಲ.

“ಈಗ ಕುದಿಸಿದ್ರ ಚಲೋ ಆಗತೈತೆ?”

“ಆಗತೈತಿ. ಬಾಟ್ಲ್ಯಾಗ ಹಾಕಿ ನೋಡೇನಿ.”

“ನೀ ನೋಡಿದ್ರ ಆತನ? ಕೆರಿ ಚಲೋ ಐತಿ ಅಂತ ಇಷ್ಟ ದಿನಾ ಹೇಳಿದಾಂವನೂ ನೀನ ಅಲ್ಲನು?”

ಕೊಡ ತುಂಬಿಕೊಂಡು ನಾನು ಹೊತ್ತೆ, ಆಕೆ ಹಿಂದೆ ಬಂದಳು. ಆಕೆಯ ಮನೆಯಲ್ಲೇ ಒಲೆ ಹೊತ್ತಿಸಿದಳು. ನೀರು ಕುದಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಒಂದು ಕುದಿ ಬಂದ ಮೇಲೆ ಸಾಕು ಅಂದೆ, ಆಕೆ ಇನ್ನೊಂದು ಕಟ್ಟಿಗೆ ಒಟ್ಟಿದಳು. ಆರಲು ಬಿಟ್ಟು, ಒಂದು ತಂಬಿಗೆ ತುಂಬಿ ನನ್ನ ಮುಂದೆ ಇಟ್ಟಳು.

“ಮೊದಲ ನೀ ಕುಡಿ.”

ಕುಡಿದೆ.

“ಪೂರಾ.”

ತಂಬಿಗೆ ಬರಿದು ಮಾಡಿ ಬೋರಲು ಹಾಕಿ ತೋರಿಸಿದೆ. ಎದ್ದು ಹೊರಡಲು ನೋಡಿದರೆ ಬಾಗಿಲಿಗೆ ಅಡ್ಡ ಮಣೆ ಹಾಕಿಕೊಂಡು ಕೂತಳು. “ಎಲ್ಲಿಗೆ? ಹೊಟ್ಟಿ ಏನ ಅಂತೈತಿ ನೋಡೂಣು” ಅಂದಳು. ನನಗೆ ಕೆರೆ ಕಡೆ ಕೆಲಸವಿತ್ತು. ಏಳಲಿಲ್ಲ. ಹೊತ್ತು ಇಳಿಯುವ ತನಕ ಆಕೆ ನನ್ನ ಮುಖ ನೋಡುತ್ತ ಕೂತಿದ್ದಳು, ನಾನು ಆಕೆಯ ಎದುರಿಗೆ ಗ್ವಾಡಿಗೆ ಆತು ಕೂತಿದ್ದೆ. ಸಂಜೆ ದನ ಬರುವ ಹೊತ್ತಿಗೆ ಆಕೆ ಎದ್ದು, ಅರ್ಧ ತಂಬಿಗೆ ನೀರು ಬಗ್ಗಿಸಿಕೊಂಡು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ, ಒಂದು ಗುಟುಕು ಕುಡಿದಳು.